ಮೊದಲು ಹಿಂಗಾಲು ನೋಡಿ: ಇಸಾಬೆಲ್ ವೆರ್ಟ್ ಅವರ ಸವಾರಿಗಳಿಂದ ಡ್ರೆಸಾಜ್ ನೋಡಲು ಕಲಿಯುವ ಬಗೆ

ನಮ್ಮ ತಾತ ಬೇಬಿ ಬೆಟ್ಟದ ದನಗಳ ಜಾತ್ರೆಗೆ ಹೋದರೆ ಎತ್ತಿನ ಮುಖ ನೋಡುತ್ತಿರಲಿಲ್ಲ. ಹಲ್ಲು ಎಣಿಸೋದೂ ಆಮೇಲೆ. ಮೊದಲು ಮಾರುವವನಿಗೆ "ಒಂದಿಷ್ಟು ದೂರ ನಡೆಸಪ್ಪ" ಅನ್ನುತ್ತಿದ್ದರು. ಎತ್ತು ಹೊರಟ ಮೇಲೆ ಹಿಂದೆ ನಿಂತು ಕಾಲು ನೋಡುತ್ತಿದ್ದರು. ಮುಂಗಾಲು ಊರಿದ ಗುರುತಿನ ಮೇಲೆ ಹಿಂಗಾಲು ಬಿತ್ತಾ, ಅದಕ್ಕಿಂತ ಮುಂದೆ ಬಿತ್ತಾ, ಇಲ್ಲ ಹಿಂದೆಯೇ ಉಳಿಯಿತಾ. ಅದು ಸರಿ ಕಂಡರೆ ಮಾತ್ರ ಟವೆಲ್ ಅಡಿ ಕೈ ಕೊಟ್ಟು ವ್ಯಾಪಾರಕ್ಕೆ ಇಳಿಯುತ್ತಿದ್ದರು.

ಇದೆಲ್ಲ ನನಗೆ ನೆನಪಾಗಿದ್ದು ಜರ್ಮನಿಯ ಕ್ರೇಫೆಲ್ಡ್‌ನಲ್ಲಿ. ನಾನು ಇಲ್ಲೊಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವಳು. ಮಗಳಿಗೆ ಎಂಟು ವರ್ಷ ಆದಾಗ ಕುದುರೆ ಸವಾರಿ ಕಲಿಯಬೇಕು ಅಂತ ಹಟ ಹಿಡಿದಳು. ಇಲ್ಲಿ ಹಳ್ಳಿಗೊಂದು ಸವಾರಿ ಸಂಘ ಇರುತ್ತದೆ, ನಮ್ಮಲ್ಲಿ ಹಾಲಿನ ಸೊಸೈಟಿ ಇದ್ದ ಹಾಗೆ. ಸೇರಿಸಿದೆವು. ವಾರಕ್ಕೆ ಎರಡು ದಿನ ನಾನು ಫ್ಲಾಸ್ಕ್‌ನಲ್ಲಿ ಫಿಲ್ಟರ್ ಕಾಫಿ ಹಿಡಿದು ಬೆಂಚಿನ ಮೇಲೆ ಕೂರುವುದು, ಕುದುರೆಗಳು ಸುತ್ತುವುದು. ಒಂದು ಚಳಿಗಾಲ ಪೂರ್ತಿ ಕೂತರೂ ನನಗೆ ಏನೂ ತಲೆಗೆ ಹೋಗಲಿಲ್ಲ. ಪಕ್ಕದಲ್ಲಿ ಕೂತ ಅಮ್ಮಂದಿರು ಮಾತ್ರ "ಇಸಾಬೆಲ್ ಹೀಗೆ ಮಾಡಿದಳು, ಇಸಾಬೆಲ್ ಹಾಗೆ ಮಾಡಿದಳು" ಅಂತ ಮಾತಾಡುತ್ತಿದ್ದರು. ನಾವು ದ್ರಾವಿಡ್ ಬಗ್ಗೆ ಮಾತಾಡೋದಿಲ್ಲವಾ, ನಮ್ಮ ಪಕ್ಕದ ಬೀದಿ ಹುಡುಗ ಅನ್ನೋ ಹಾಗೆ, ಆ ಧಾಟಿ. ಅವರು ಹೇಳುತ್ತಿದ್ದದ್ದು ಜರ್ಮನಿಯ ಡ್ರೆಸಾಜ್ ಸವಾರಳು ಇಸಾಬೆಲ್ ವೆರ್ಟ್ ಬಗ್ಗೆ. ಡ್ರೆಸಾಜ್ ಅಂದರೆ ಸವಾರರ ಸೂಚನೆಯಂತೆ ಕುದುರೆ ಗೊತ್ತುಮಾಡಿದ ಚಲನೆಗಳನ್ನು ಮಾಡಿ ತೋರಿಸೋದು, ಜಡ್ಜ್‌ಗಳು ಅದಕ್ಕೆ ಅಂಕ ಹಾಕೋದು. ಇಸಾಬೆಲ್ ಅವರ ಲಾಯ ಇರೋದು ರೈನ್‌ಬೆರ್ಗ್‌ನಲ್ಲಿ. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ.

2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ತಂಡಕ್ಕೆ ಡ್ರೆಸಾಜ್‌ನಲ್ಲಿ ಚಿನ್ನ ಬಂತಲ್ಲ, ಆಗ ನನ್ನ ಅಕ್ಕ ಮಂಡ್ಯದಿಂದ ಫೋನ್ ಮಾಡಿ ಕೇಳಿದಳು: "ಅದರಲ್ಲಿ ಏನು ನೋಡ್ಬೇಕೇ? ಕುದುರೆ ಕುಣಿಯುತ್ತೆ, ಮಾರ್ಕ್ಸ್ ಯಾರಿಗೆ?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸವಾರಿ ಮಾಡಲು ಇದರಿಂದ ಬರುವುದಿಲ್ಲ. ನೋಡಲು ಬರುತ್ತದೆ.

ನೋಡಲು ಕಲಿಯಲು ಇಸಾಬೆಲ್ ಒಬ್ಬರೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಕಾರಣ ಪದಕಗಳಲ್ಲ. ಅವರು 1992ರಿಂದ 2024ರವರೆಗೆ ಏಳು ಒಲಿಂಪಿಕ್ಸ್ ಸವಾರಿ ಮಾಡಿದ್ದಾರೆ, ಐದು ಬೇರೆ ಬೇರೆ ಕುದುರೆಗಳ ಮೇಲೆ. ಹೆಂಗಸು ಒಬ್ಬಳೇ, ಕುದುರೆ ಮಾತ್ರ ಬದಲಾಗುತ್ತದೆ. ಹಾಗಾಗಿ ಯಾವುದು ಕುದುರೆಯ ಗುಣ, ಯಾವುದು ಸವಾರಳ ಕೆಲಸ ಅಂತ ಬೇರ್ಪಡಿಸಿ ನೋಡಬಹುದು. ಒಂದೇ ಕೈ, ಐದು ತರದ ಹಿಟ್ಟು. ರೊಟ್ಟಿ ತಟ್ಟೋದು ಹೇಗೆ ಅಂತ ಆಗ ತಾನೇ ಗೊತ್ತಾಗೋದು.

ಪದಕದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೇಳುತ್ತೀರಿ. ಎಂಟು ಚಿನ್ನ, ಆರು ಬೆಳ್ಳಿ, ಒಟ್ಟು 14. ಕುದುರೆ ಸವಾರಿಯಲ್ಲಿ ಒಲಿಂಪಿಕ್ಸ್‌ನಲ್ಲಿ ಇಷ್ಟು ಗೆದ್ದವರು ಬೇರೆ ಯಾರೂ ಇಲ್ಲ.

ಮೊದಲು ಒಂದು ಹಾಳೆ

ಒಂದು ಬಿಳಿ ಹಾಳೆ ತಗೊಂಡು ಉದ್ದನೆಯ ಚೌಕಟ್ಟು ಬರೆಯಿರಿ. ಅಂಗಳದ ಅಳತೆ 20 ಮೀಟರ್ ಅಗಲ, 60 ಮೀಟರ್ ಉದ್ದ. ಅಗಲ ಅಂದರೆ ಹೆಚ್ಚುಕಡಿಮೆ ಒಂದು ಕ್ರಿಕೆಟ್ ಪಿಚ್‌ನ ಉದ್ದ, ಉದ್ದ ಅಂದರೆ ಅಂಥ ಮೂರು ಪಿಚ್. ಇಷ್ಟು ಚಿಕ್ಕ ಜಾಗದಲ್ಲಿ 600 ಕಿಲೋ ತೂಗುವ ಪ್ರಾಣಿ ಓಡಬೇಕು, ನಿಲ್ಲಬೇಕು, ತಿರುಗಬೇಕು.

ಕೆಳಗಿನ ಗಿಡ್ಡ ಬದಿಯ ನಡುವೆ ಎ. ಕುದುರೆ ಒಳಗೆ ಬರೋದು ಅಲ್ಲಿಂದ. ಎದುರು ಬದಿಯ ನಡುವೆ ಸಿ. ಮುಖ್ಯ ಜಡ್ಜ್ ಕೂರೋದು ಅಲ್ಲಿ. ಎ ಇಂದ ಒಳಗೆ ನೋಡಿದರೆ ಎಡಬದಿಯಲ್ಲಿ ಕೆ, ವಿ, ಇ, ಎಸ್, ಎಚ್. ಬಲಬದಿಯಲ್ಲಿ ನಿಮ್ಮ ಹತ್ತಿರದಿಂದ ಎಫ್, ಪಿ, ಬಿ, ಆರ್, ಎಂ. ಮೂಲೆಯಿಂದ ಮೊದಲ ಅಕ್ಷರಕ್ಕೆ 6 ಮೀಟರ್, ಆಮೇಲೆ 12 ಮೀಟರ್‌ಗೆ ಒಂದೊಂದು. ಸರಿಯಾಗಿ ನಟ್ಟನಡುವೆ ಎಕ್ಸ್. ಅಕ್ಷರ ಯಾಕೆ ಹೀಗೆ ಚೆಲ್ಲಾಪಿಲ್ಲಿ ಅಂತ ಮಾತ್ರ ಕೇಳಬೇಡಿ. ಸುಮ್ನೆ ಬರೆದುಕೊಳ್ಳಿ.

ಈ ಹಾಳೆ ಯಾಕೆ ಬೇಕು ಅಂದರೆ, ಯಾವ ಜಾಗದಲ್ಲಿ ಏನು ಮಾಡಬೇಕು ಅನ್ನೋದು ಮೊದಲೇ ಗೊತ್ತಿರುತ್ತದೆ. ಎಚ್ ಬಳಿ ಶುರುವಾಗಬೇಕಾದ್ದು ನಾಲ್ಕು ಹೆಜ್ಜೆ ತಡವಾದರೆ ಮಾರ್ಕ್ಸ್ ಹೋಗುತ್ತದೆ. ಟಿವಿಯಲ್ಲಿ ಕ್ಯಾಮೆರಾ ಸುತ್ತುತ್ತಲೇ ಇರುತ್ತದೆ, ದಿಕ್ಕು ತಪ್ಪುತ್ತದೆ. ಹಾಳೆ ಮಡಿಲಲ್ಲಿದ್ದರೆ ಬೆರಳಿಟ್ಟು ಹಿಂಬಾಲಿಸಬಹುದು.

ಸದ್ದು ಆರಿಸಿ, ತಾಳ ಹಾಕಿ

ಮೊದಲ ಸಲ ನೋಡುವಾಗ ಟಿವಿಯ ಸದ್ದು ಆರಿಸಿ. ಸಂಗೀತ ಮೋಸ ಮಾಡುತ್ತದೆ. ಹಾಡು ಚೆನ್ನಾಗಿದ್ದರೆ ಕುದುರೆಯೂ ಚೆನ್ನಾಗಿ ಹೋಗುತ್ತಿದೆ ಅನ್ನಿಸಿಬಿಡುತ್ತದೆ.

ಆಮೇಲೆ ತೊಡೆ ಮೇಲೆ ಕೈ ಇಟ್ಟು ತಾಳ ಹಾಕಿ. ಕುದುರೆಯ ನಡಿಗೆಗೆ ನಾಲ್ಕು ಪೆಟ್ಟು. ಕುಕ್ಕುಲೋಟಕ್ಕೆ, ಅಂದರೆ ಟ್ರಾಟ್‌ಗೆ, ಎರಡು ಪೆಟ್ಟು. ಕ್ಯಾಂಟರ್‌ಗೆ, ಅಂದರೆ ಹಗುರ ನಾಗಾಲೋಟಕ್ಕೆ, ಮೂರು, ಆಮೇಲೆ ಒಂದು ಕ್ಷಣ ನಾಲ್ಕೂ ಕಾಲು ಗಾಳಿಯಲ್ಲಿ. ಜರ್ಮನ್ನರು ತರಬೇತಿಯ ಮೆಟ್ಟಿಲು ಅಂತ ಆರು ಮಾತು ಹೇಳುತ್ತಾರೆ. ಅದರಲ್ಲಿ ಮೊದಲನೆಯದು ಟಾಕ್ಟ್. ಟಾಕ್ಟ್ ಅಂದರೆ ನಮ್ಮ ತಾಳವೇ. ಎರಡನೆಯದು ಮೈ ಬಿಗಿ ಇಲ್ಲದೆ ಸಡಿಲವಾಗಿ ಇರೋದು. ಕುದುರೆ ತನ್ನ ಭಾರವನ್ನು ಹಿಂಗಾಲಿನ ಮೇಲೆ ಒಟ್ಟುಮಾಡಿಕೊಳ್ಳೋದು ಕೊನೆಯದು, ಆರನೆಯದು. ಅದಕ್ಕೆ ವರ್ಷಗಟ್ಟಲೆ ಬೇಕು.

ಹತ್ತು ನಿಮಿಷ ತಾಳ ಹಾಕಿ ನೋಡಿ. ಎಲ್ಲೋ ಒಂದು ಕಡೆ ನಿಮ್ಮ ಕೈ ತಡವರಿಸುತ್ತದೆ. ಅಲ್ಲಿ ತಪ್ಪಿರೋದು ನೀವಲ್ಲ, ಕುದುರೆ. ನನಗೆ ಹಾಗೆ ಮೊದಲ ಸಲ ಆದಾಗ ಎದ್ದು ನಿಂತುಬಿಟ್ಟಿದ್ದೆ.

ನಡಿಗೆ ಬಂದಾಗ ಮೊಬೈಲ್ ನೋಡಬೇಡಿ, ಎಲ್ಲರೂ ಅದನ್ನೇ ಮಾಡುತ್ತಾರೆ. ಡ್ರೆಸಾಜ್‌ನ ಅತಿ ಮೇಲಿನ ಮಟ್ಟದ ಗ್ರಾಂಡ್ ಪ್ರಿ ಪರೀಕ್ಷೆಯಲ್ಲಿ ಉದ್ದ ಹೆಜ್ಜೆಯ ನಡಿಗೆಗೆ ಮಾರ್ಕ್ಸ್ ಎರಡರಷ್ಟು ಲೆಕ್ಕ. ಅಷ್ಟು ಹೊತ್ತು ಬಿಗಿಯಾಗಿ ಓಡಿಸಿದ ಪ್ರಾಣಿಗೆ ಲಗಾಮು ಸಡಿಲ ಬಿಟ್ಟು "ಈಗ ಆರಾಮಾಗಿ ನಡಿ" ಅನ್ನೋದು ಸುಲಭವಲ್ಲ. ಒಳಗೆ ಹೆದರಿಕೆ ಇದ್ದರೆ ಅಲ್ಲಿ ಹೊರಗೆ ಬರುತ್ತದೆ.

ಕಣ್ಣು ಎಲ್ಲಿಡಬೇಕು

ಇದನ್ನು ನನಗೆ ಕಲಿಸಿದ್ದು ಒಬ್ಬ ಜಡ್ಜ್. ನಮ್ಮ ಸಂಘದ ಬೇಸಿಗೆ ಸ್ಪರ್ಧೆಯಲ್ಲಿ ಬರೆಯುವವರು ಬೇಕು ಅಂದರು. ಜಡ್ಜ್ ಹೇಳುತ್ತಾ ಹೋಗುತ್ತಾರೆ, ನಾವು ಹಾಳೆಯಲ್ಲಿ ಬರೆಯುತ್ತಾ ಹೋಗಬೇಕು. ನನ್ನ ಜರ್ಮನ್ ಪರವಾಗಿಲ್ಲ, ಕೈಬರಹ ಚೆನ್ನಾಗಿದೆ, ಒಪ್ಪಿಕೊಂಡೆ. ಆವತ್ತು ಬೆಳಗ್ಗೆಯಿಂದ ಮಳೆ. ಸಿ ಅಕ್ಷರದ ಹಿಂದೆ ಅವರ ಕಾರು ನಿಲ್ಲಿಸಿ, ಒಳಗೆ ಇಬ್ಬರೂ ಕೂತೆವು. ವೈಪರ್ ಓಡುತ್ತಿತ್ತು. ಅವರು ಎಪ್ಪತ್ತು ದಾಟಿದವರು, ಬಿಸ್ಕತ್ತು ತಿನ್ನುತ್ತಾ ಮಾತಾಡುತ್ತಿದ್ದರು.

ಮೊದಲ ಹುಡುಗಿ ಬಂದಳು. ನಾನು ಅವಳನ್ನೇ ನೋಡುತ್ತಾ ಕೂತೆ. ಅಷ್ಟರಲ್ಲಿ ಇವರು ಮೂರು ವಾಕ್ಯ ಹೇಳಿ ಮುಗಿಸಿದ್ದರು. ನನ್ನ ಹಾಳೆ ಖಾಲಿ. "ನೋಡೋದು ನನ್ನ ಕೆಲಸ. ನೀವು ಬರೆಯಿರಿ" ಅಂದರು. ಆಮೇಲೆ ತಲೆ ಎತ್ತಲೇ ಇಲ್ಲ. ಊಟದ ಹೊತ್ತಿಗೆ 22 ಸವಾರರ ಹಾಳೆ ಬರೆದಿದ್ದೆ, ಒಂದು ಕುದುರೆಯನ್ನೂ ಸರಿಯಾಗಿ ನೋಡಿರಲಿಲ್ಲ.

ಆದರೆ ಬರೆದದ್ದನ್ನು ತಿರುವಿ ನೋಡಿದರೆ ಒಂದೇ ಮಾತು ಮತ್ತೆ ಮತ್ತೆ. "ಹಿಂಗಾಲು ಸೋಮಾರಿ." "ಹಿಂಗಾಲು ಚೆನ್ನಾಗಿ ಒಳಗೆ ಬರುತ್ತಿದೆ." "ತಾಳ ತಪ್ಪಿತು." "ಕೈ ಗಟ್ಟಿ." "ಬೆನ್ನು ಬಿಗಿ." ಕುದುರೆ ಸುಂದರವಾಗಿದೆ ಅಂತ ಒಂದು ಸಲವೂ ಬರೆಸಿರಲಿಲ್ಲ. ಮುಂಗಾಲು ಎಷ್ಟು ಎತ್ತರ ಹೋಯಿತು ಅಂತಲೂ ಇಲ್ಲ. ನಾನು ಒಂದು ಚಳಿಗಾಲ ಪೂರ್ತಿ ಮುಂಗಾಲು ನೋಡುತ್ತಾ ಕೂತಿದ್ದೆ! ತಾತನ ಮೊಮ್ಮಗಳಾಗಿ ಇದು ನಾಚಿಕೆಗೇಡು.

ಹಾಗಾಗಿ ಈ ಕ್ರಮ ಇಟ್ಟುಕೊಳ್ಳಿ. ಮೊದಲು ಹಿಂಗಾಲು. ಅದು ಹೊಟ್ಟೆಯ ಕೆಳಗೆ ಬಂದು ಭಾರ ಹೊರುತ್ತಿದೆಯಾ, ಇಲ್ಲ ಹಿಂದೆ ಎಳೆದುಕೊಂಡು ಬರುತ್ತಿದೆಯಾ. ಆಮೇಲೆ ಬೆನ್ನು ಮತ್ತು ಬಾಲ. ಬಾಲ ತೂಗುತ್ತಿದ್ದರೆ ಬೆನ್ನು ಸಡಿಲ. ಚಾಟಿ ಬೀಸಿದ ಹಾಗೆ ಬೀಸುತ್ತಿದ್ದರೆ ಏನೋ ಸರಿ ಇಲ್ಲ. ಆಮೇಲೆ ತಲೆ. ಕಿವಿಗಳ ಹಿಂದಿನ ನೆತ್ತಿಯೇ ಎಲ್ಲಕ್ಕಿಂತ ಎತ್ತರ ಇರಬೇಕು, ಮೂತಿ ನೇರ ಗೆರೆಗಿಂತ ಒಂಚೂರು ಮುಂದೆ ಇರಬೇಕು. ಗದ್ದ ಎದೆಗೆ ಅಂಟಿಕೊಂಡಿದ್ದರೆ ಅದು ಚೆಂದವಲ್ಲ, ತಪ್ಪು. ಬಾಯಿ ಸುಮ್ಮನೆ ಮುಚ್ಚಿರಬೇಕು.

ಸವಾರಳನ್ನು ಕೊನೆಗೆ ನೋಡಿ. ನೋಡಿದಾಗ ಏನೂ ಕಾಣಬಾರದು. ಅವಳು ಸುಮ್ಮನೆ ಕೂತಿದ್ದಾಳೆ, ಕುದುರೆಯೇ ಎಲ್ಲ ಮಾಡುತ್ತಿದೆ ಅನ್ನಿಸಿದರೆ ಕೆಲಸ ಚೆನ್ನಾಗಿ ನಡೆಯುತ್ತಿದೆ ಅಂತ ಅರ್ಥ. ನಾನು ಒಂದು ಸಲ ಲಗಾಮಿಲ್ಲದೆ, ರಿಕಾಪಿಲ್ಲದೆ, ಉದ್ದ ಹಗ್ಗ ಹಿಡಿದು ಸುತ್ತ ಓಡಿಸುವ ಕುದುರೆಯ ಮೇಲೆ ಕೂತು ನೋಡಿದೆ. ಹತ್ತು ನಿಮಿಷ ಟ್ರಾಟ್. ಮೂರು ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಸುಮ್ಮನೆ ಕೂರೋದಕ್ಕೆ ಎಷ್ಟು ಬೆಲೆ ಅಂತ ಸೊಂಟ ಹೇಳಿತು.

ಐದು ಕುದುರೆ, ಈ ಕ್ರಮದಲ್ಲಿ

ಹಳೆಯ ಸವಾರಿಗಳ ವಿಡಿಯೋ ಹುಡುಕಿದರೆ ಸಿಗುತ್ತವೆ. ಒಂದು ಸಂಜೆಗೆ ಒಂದೇ ಕುದುರೆ. ಜಾಸ್ತಿ ನೋಡಿದರೆ ಎಲ್ಲ ಕಲಸಿಹೋಗುತ್ತದೆ.

ಗಿಗೋಲೋದಿಂದ ಶುರು ಮಾಡಿ. ಕೆಂಪು ಬಣ್ಣದ ಹ್ಯಾನೋವರ್ ತಳಿ, 1983ರಲ್ಲಿ ಹುಟ್ಟಿದ್ದು. ಇಸಾಬೆಲ್ ಹುಟ್ಟಿದ್ದು 1969ರಲ್ಲಿ, ರೈನ್ ನದಿಯ ಕೆಳದಂಡೆಯ ರೈತರ ಮನೆಯಲ್ಲಿ. ಹದಿಹರೆಯದಲ್ಲಿ ಪಕ್ಕದ ಡಾ. ಉವೆ ಶುಲ್ಟೆನ್-ಬೌಮರ್ ಅವರ ಕುದುರೆ ಹತ್ತಲು ಹೋದವರು, ಅವರ ಹತ್ತಿರವೇ ಕಲಿತರು. ಇಲ್ಲಿಯ ಹಳಬರು ಅವರನ್ನು ಹೆಸರು ಹಿಡಿದು ಕರೆಯೋದಿಲ್ಲ, "ಡಾಕ್ಟರ್" ಅಂದರೆ ಅವರೇ. ಇಸಾಬೆಲ್ ಜೊತೆಗೇ ಕಾನೂನು ಓದಿ ವಕೀಲರೂ ಆದರು. ಗಿಗೋಲೋ ಮೇಲೆ ಮೂರು ಒಲಿಂಪಿಕ್ಸ್: 1992 ಬಾರ್ಸಿಲೋನಾ, 1996 ಅಟ್ಲಾಂಟಾ, 2000 ಸಿಡ್ನಿ. ಒಬ್ಬರೇ ಗೆದ್ದ ಒಲಿಂಪಿಕ್ ಚಿನ್ನ ಅಂತ ಅವರಿಗಿರೋದು ಅಟ್ಲಾಂಟಾದ್ದೊಂದೇ. ಉಳಿದ ಚಿನ್ನವೆಲ್ಲ ತಂಡದ್ದು.

ಅಟ್ಲಾಂಟಾ ನೋಡಿದ ಮೇಲೆ ಸಿಡ್ನಿ ನೋಡಿ. ಕುದುರೆಗೆ ಆಗ 17 ವರ್ಷ. ಅದೇ ಕುದುರೆ, ಅದೇ ಸವಾರಳು, ನಾಲ್ಕು ವರ್ಷದ ಅಂತರ. ಹಿಂಗಾಲಿನ ಶಕ್ತಿ ಎಲ್ಲಿ ಕಮ್ಮಿಯಾಗಿದೆ, ಅನುಭವ ಎಲ್ಲಿ ಅದನ್ನು ತುಂಬಿದೆ ಅಂತ ಹುಡುಕಿ. ಆ ಸಲ ಚಿನ್ನ ನೆದರ್ಲೆಂಡ್ಸ್‌ನ ಆಂಕಿ ವಾನ್ ಗ್ರುನ್ಸ್‌ವೆನ್ ಮತ್ತು ಬಾನ್‌ಫೈರ್‌ಗೆ. ಇವರಿಬ್ಬರ ಪೈಪೋಟಿ ಅಂದರೆ ಇಲ್ಲಿಯ ಬೆಂಚುಗಳಲ್ಲಿ ಇವತ್ತಿಗೂ ಜಗಳ.

ಎರಡನೆಯ ಸಂಜೆ ಸ್ಯಾಚ್ಮೋ. ನನಗೆ ಐದರಲ್ಲಿ ಇದರ ಮೇಲೇ ಪ್ರೀತಿ ಜಾಸ್ತಿ. ಪ್ರತಿಭೆ ಬೇಕಾದಷ್ಟು, ಆದರೆ ಇದ್ದಕ್ಕಿದ್ದಂತೆ ಬೆಚ್ಚಿ ಹಾರೋದು, ತಿರುಗಿ ಓಡೋದು. ಜನ ಇದಕ್ಕೆ ತಲೆ ಸರಿ ಇಲ್ಲ ಅಂದರು. ಕೊನೆಗೆ ನೋಡಿದರೆ ಕಣ್ಣಿನ ತೊಂದರೆ. ಶಸ್ತ್ರಚಿಕಿತ್ಸೆ ಆಯಿತು. 2006ರಲ್ಲಿ ಜರ್ಮನಿಯ ಆಖೆನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದರ ಮೇಲೆ ಚಿನ್ನ ಗೆದ್ದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆ ನಡೆದದ್ದು ಹಾಂಗ್‌ಕಾಂಗ್‌ನಲ್ಲಿ. ಅಲ್ಲಿ ಪಿಯಾಫ್ ಬಂದಾಗ ಸ್ಯಾಚ್ಮೋ ಮತ್ತೆ ತಕರಾರು ತೆಗೆಯಿತು. ಪಿಯಾಫ್ ಅಂದರೆ ನಿಂತಲ್ಲೇ ಟ್ರಾಟ್. ಕುದುರೆ ಮುಂದೆ ಹೋಗದೆ, ಹಿಂಭಾಗ ತಗ್ಗಿಸಿ, ಎರಡರ ತಾಳದಲ್ಲಿ ಕಾಲೆತ್ತಿ ಇಡಬೇಕು, ಹನ್ನೆರಡರಿಂದ ಹದಿನೈದು ಹೆಜ್ಜೆ. ಮೈಯೆಲ್ಲ ಶಕ್ತಿ ತುಂಬಿರುತ್ತದೆ, ಹೋಗಲು ದಾರಿ ಇರುವುದಿಲ್ಲ. ಕುಕ್ಕರ್ ಸೀಟಿ ಹೊಡೆಯೋ ಮುಂಚಿನ ಹೊತ್ತು ಇರುತ್ತಲ್ಲ, ಹಾಗೆ.

ಈ ಜಾಗವನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿ. ಕುದುರೆ ಕೆಟ್ಟಾಗ ಇಸಾಬೆಲ್ ಅವರ ಕೈ ಏನು ಮಾಡುತ್ತದೆ ಅಂತ ಮಾತ್ರ ನೋಡಿ. ಹೊಸಬರು ಲಗಾಮು ಎಳೆದುಬಿಡುತ್ತಾರೆ. ಇವರು ಕಾಲಿನಿಂದ ಮುಂದಕ್ಕೆ ಕಳಿಸುತ್ತಾರೆ. ಕೆಲವೇ ಹೆಜ್ಜೆಯಲ್ಲಿ ಕುದುರೆ ಮತ್ತೆ ಪರೀಕ್ಷೆಯ ಒಳಗೆ. ಬಂದದ್ದು ಬೆಳ್ಳಿ, ಚಿನ್ನ ಆಂಕಿಗೆ. ತಪ್ಪೇ ಆಗದ ಸವಾರಿ ನೋಡಿ ಚಾಂಪಿಯನ್ ಅಂದರೆ ಏನು ಅಂತ ನನಗೆ ತಿಳಿಯಲಿಲ್ಲ. ಇದನ್ನು ನೋಡಿ ತಿಳಿಯಿತು.

ವೈಹೆಗೋಲ್ಡ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಕಪ್ಪು ಹೆಣ್ಣುಕುದುರೆ, 2016 ರಿಯೋದಲ್ಲಿ ತಂಡಕ್ಕೆ ಚಿನ್ನ, ಒಬ್ಬರೇ ಬೆಳ್ಳಿ, 2017ರಿಂದ 2019ರವರೆಗೆ ಸತತ ಮೂರು ವಿಶ್ವ ಕಪ್. ಪಿಯಾಫ್ ಮತ್ತು ಪಸಾಜ್ ಅಂದರೆ ಹೇಗಿರಬೇಕು ಅಂತ ಕಣ್ಣಿಗೆ ಅಭ್ಯಾಸ ಮಾಡಿಸಲು ಇದು ಒಳ್ಳೆಯದು. ಪಸಾಜ್ ಅಂದರೆ ಗಾಳಿಯಲ್ಲಿ ಒಂದು ಕ್ಷಣ ನಿಂತು ಇಳಿಯುವಂಥ ಟ್ರಾಟ್.

ಬೆಲ್ಲಾ ರೋಸ್‌ಗೆ ಒಂದು ರಜೆಯ ದಿನ ಇಟ್ಟುಕೊಳ್ಳಿ. ಕೆಂಪು ಹೆಣ್ಣುಕುದುರೆ. 2014ರಲ್ಲಿ ಫ್ರಾನ್ಸ್‌ನ ಕಾಂ ನಗರದ ವಿಶ್ವ ಸ್ಪರ್ಧೆಯಲ್ಲಿ ತಂಡಕ್ಕೆ ಚಿನ್ನ ತಂದು, ಕಾಲಿನ ತೊಂದರೆಯಿಂದ ಅರ್ಧಕ್ಕೇ ಹಿಂದೆ ಸರಿಯಿತು. ಆಮೇಲೆ ಸುಮಾರು ನಾಲ್ಕು ವರ್ಷ ಸ್ಪರ್ಧೆಯೇ ಇಲ್ಲ. ಆ ಮಟ್ಟದ ಬೇರೆ ಕುದುರೆಗಳು ಲಾಯದಲ್ಲಿದ್ದವು, ಗೆಲ್ಲುತ್ತಲೂ ಇದ್ದವು. ಇದನ್ನು ಕೈಬಿಡಬಹುದಿತ್ತು. ಬಿಡಲಿಲ್ಲ. 2001ರಿಂದ ಇಸಾಬೆಲ್ ಅವರಿಗೆ ಬೆನ್ನೆಲುಬಾಗಿ ನಿಂತ ಮಾಡಲೀನ್ ವಿಂಟರ್-ಶುಲ್ಟ್ಸೆ ಅವರೇ ಈ ಕುದುರೆಯ ಒಡತಿ. ಕಾಯಲು ಪುರುಸೊತ್ತು ಕೊಡುವ ಒಡತಿ ಇಲ್ಲದಿದ್ದರೆ ಸವಾರಳ ತಾಳ್ಮೆಗೆ ಏನೂ ಬೆಲೆ ಇಲ್ಲ. 2018ರಲ್ಲಿ ವಾಪಸ್ ಬಂದು, ಅದೇ ವರ್ಷ ಅಮೆರಿಕದ ಟ್ರಯಾನ್‌ನ ವಿಶ್ವ ಸ್ಪರ್ಧೆಯಲ್ಲಿ ಎರಡು ಚಿನ್ನ. ಚಂಡಮಾರುತದ ಕಾರಣಕ್ಕೆ ಅಲ್ಲಿ ಸಂಗೀತದ ಸುತ್ತು, ಅಂದರೆ ಹಾಡಿಗೆ ಹೊಂದಿಸಿ ಸವಾರಿ ಮಾಡುವ ಕೊನೆಯ ಸುತ್ತು, ರದ್ದಾಯಿತು. ಅದಕ್ಕೆ ಮುಂಚಿನ, ಗ್ರಾಂಡ್ ಪ್ರಿ ಸ್ಪೆಷಲ್ ಅನ್ನೋ ಸುತ್ತು ಮುಗಿದ ಮೇಲೆ ಇಸಾಬೆಲ್ ಅತ್ತದ್ದನ್ನು ನೋಡುತ್ತೀರಿ. ಅಳು ನೋಡಿ ಮುಗಿದ ಮೇಲೆ ಹಿಂದಕ್ಕೆ ಹಾಕಿ, ಕುದುರೆಯ ಕಿವಿ ನೋಡಿ. ಪರೀಕ್ಷೆಯಲ್ಲಿ ಒಂದು ಕಿವಿ ಮುಂದೆ, ಒಂದು ಹಿಂದೆ ಸವಾರಳ ಕಡೆ ಆಗಾಗ ತಿರುಗುತ್ತಿದ್ದರೆ ಅದು ಕೇಳಿಸಿಕೊಳ್ಳುತ್ತಿದೆ ಅಂತ.

ಕೊನೆಗೆ ವೆಂಡಿ. ಈ ಕುದುರೆ ಇಸಾಬೆಲ್ ಲಾಯಕ್ಕೆ ಬಂದದ್ದು 2024ರ ಜನವರಿಯಲ್ಲಿ. ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್, ವರ್ಸೈ ಅರಮನೆಯ ತೋಟದಲ್ಲಿ. ಏಳು ತಿಂಗಳ ಪರಿಚಯ! ಸವಾರಳಿಗೆ 55 ವರ್ಷ. ತಂಡಕ್ಕೆ ಚಿನ್ನ, ಸಂಗೀತದ ಸುತ್ತಿನಲ್ಲಿ ಶೇಕಡಾ 89.614 ಪಡೆದು ಬೆಳ್ಳಿ. ಚಿನ್ನ ಗೆದ್ದ ಯೆಸಿಕಾ ಫಾನ್ ಬ್ರೆಡೋ-ವೆರ್ನ್‌ಡ್ಲ್ ಅವರಿಗೆ 90.093. ಅರ್ಧ ಅಂಕವೂ ವ್ಯತ್ಯಾಸ ಇಲ್ಲ. ಗಿಗೋಲೋ ನೋಡಿದ ಕಣ್ಣಿನಿಂದಲೇ ವೆಂಡಿ ನೋಡಿ. ಟೋಪಿಯ ಜಾಗಕ್ಕೆ ಹೆಲ್ಮೆಟ್ ಬಂದಿದೆ. ಕುದುರೆಗಳ ಮೈಕಟ್ಟು ಬದಲಾಗಿದೆ, ಕಾಲು ಇನ್ನೂ ಉದ್ದ, ಚಲನೆ ಇನ್ನೂ ದೊಡ್ಡದು. ತಪ್ಪಾಗುವ ಮುಂಚೆಯೇ ಸರಿಮಾಡುವ ಆ ಕಾಲು ಮಾತ್ರ ಹಾಗೆಯೇ ಇದೆ.

ನೀವೂ ಮಾರ್ಕ್ಸ್ ಕೊಡಿ

ಇಷ್ಟಾದ ಮೇಲೆ ಸುಮ್ಮನೆ ನೋಡಬೇಡಿ, ಅಂಕ ಹಾಕಿ. ಪ್ರತಿ ಚಲನೆಗೂ ಸೊನ್ನೆಯಿಂದ ಹತ್ತು, ಅರ್ಧ ಅಂಕವೂ ನಡೆಯುತ್ತದೆ. ಎಂಟು ಅಂದರೆ ಚೆನ್ನಾಗಿದೆ, ಆರು ಅಂದರೆ ತೃಪ್ತಿಕರ, ನಾಲ್ಕು ಅಂದರೆ ಸಾಲದು. ಒಲಿಂಪಿಕ್ಸ್‌ನಲ್ಲಿ ಏಳು ಜಡ್ಜ್‌ಗಳು ಅಂಗಳದ ಸುತ್ತ ಏಳು ಜಾಗದಲ್ಲಿ ಕೂರುತ್ತಾರೆ. ಪಕ್ಕದಿಂದ ನೋಡುವವನಿಗೆ ಕಂಡದ್ದು ಎದುರು ಕೂತವನಿಗೆ ಕಾಣದಿರಬಹುದು. ಹಾಗಾಗಿ ನಿಮ್ಮ ಅಂಕ ಅವರದ್ದಕ್ಕೆ ಹೊಂದದಿದ್ದರೆ ಬೇಜಾರು ಬೇಡ, ಅವರವರಲ್ಲೇ ಹೊಂದುವುದಿಲ್ಲ.

ಎಲ್ಲ ಚಲನೆಗೂ ಹಾಕಲು ಹೋಗಬೇಡಿ, ತಲೆ ಕೆಡುತ್ತದೆ. ಕ್ಯಾಂಟರ್‌ನಲ್ಲಿ ಪ್ರತಿ ಹೆಜ್ಜೆಗೂ ಮುಂದಿಡುವ ಕಾಲು ಬದಲಿಸೋದು ಒಂದಿದೆ, ಗ್ರಾಂಡ್ ಪ್ರಿಯಲ್ಲಿ ಅದು 15 ಸಲ ಆಗಬೇಕು. ಬೆರಳು ಮಡಚಿ ಎಣಿಸಿ. 14 ಆದರೆ ಅಂಕ ಕಡಿಮೆ ಮಾಡಿ. ನಮ್ಮ ಲೆಕ್ಕಪತ್ರದವರಿಗೆ ಇದು ಬಹಳ ಇಷ್ಟವಾಗುವ ಭಾಗ. ಇದೊಂದನ್ನು ಎಣಿಸೋದು, ಪಿಯಾಫ್‌ಗೆ ಒಂದು ಅಂಕ, ನಡಿಗೆಗೆ ಒಂದು ಅಂಕ. ಒಂದು ತಿಂಗಳು ಇಷ್ಟೇ ಮಾಡಿ.

ಭಾರತದ ಸವಾರರಿಗೂ ಇದೇ ಅಳತೆ ಹಿಡಿಯಿರಿ. ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ನಾಲ್ವರು ಅನುಷ್ ಅಗರ್ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ. ಅವರಲ್ಲಿ ಮೇಲಿನ ಮೂವರ ಶೇಕಡಾ ಅಂಕ ಕೂಡಿದರೆ 209.205. ಅನುಷ್ ಕೋಲ್ಕತಾದವರು, ಹದಿಹರೆಯದಲ್ಲೇ ಜರ್ಮನಿಗೆ ಬಂದು ಹ್ಯೂಬರ್ಟುಸ್ ಶ್ಮಿಟ್ ಹತ್ತಿರ ಕಲಿತವರು. ಪ್ಯಾರಿಸ್‌ನಲ್ಲಿ ಅವರಿಗೆ ಬಂದದ್ದು 66.444. ಒಲಿಂಪಿಕ್ಸ್ ಡ್ರೆಸಾಜ್‌ಗೆ ಇಳಿದ ಮೊದಲ ಭಾರತೀಯ. ಇಸಾಬೆಲ್ ಸವಾರಿ ನೋಡಿ, ಕೂಡಲೇ ಇವರದ್ದು ನೋಡಿ. ವ್ಯತ್ಯಾಸ ಎಲ್ಲಿದೆ ಅಂತ ಹುಡುಕಿದರೆ ಕಾಣುತ್ತದೆ, ದೇಶಪ್ರೇಮಕ್ಕೆ ಅದರಿಂದ ಏನೂ ಕಮ್ಮಿಯಾಗೋದಿಲ್ಲ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಮಾಡೋದು ಈವೆಂಟಿಂಗ್, ಅಂದರೆ ಮೂರು ಭಾಗದ ಕುದುರೆ ಸ್ಪರ್ಧೆ. ಅದರಲ್ಲೂ ಮೊದಲ ಭಾಗ ಡ್ರೆಸಾಜ್. ಆದರೆ ಅಲ್ಲಿ ಲೆಕ್ಕ ಉಲ್ಟಾ, ಅಂಕ ಕಮ್ಮಿ ಇದ್ದಷ್ಟೂ ಒಳ್ಳೆಯದು.

ಒಂದು ಕಹಿ ಮಾತನ್ನೂ ಹೇಳಬೇಕು. ಈ ಆಟದಲ್ಲಿ ಕೆಟ್ಟದ್ದೂ ಇದೆ. 2009ರಲ್ಲಿ ಇಸಾಬೆಲ್ ಅವರ ವಿಸ್ಪರ್ ಎಂಬ ಕುದುರೆಯ ದೇಹದಲ್ಲಿ ನಿಷೇಧಿತ ಔಷಧ ಪತ್ತೆಯಾಗಿ ಅವರನ್ನು ಆರು ತಿಂಗಳು ಹೊರಗಿಟ್ಟರು. 2024ರಲ್ಲಿ ಪ್ಯಾರಿಸ್‌ಗೆ ಮುಂಚೆ ಬ್ರಿಟನ್‌ನ ಶಾರ್ಲೆಟ್ ಡುಜಾರ್ಡಿನ್ ತರಬೇತಿಯಲ್ಲಿ ಕುದುರೆಯ ಕಾಲಿಗೆ ಚಬುಕಿನಿಂದ ಮತ್ತೆ ಮತ್ತೆ ಹೊಡೆದ ವಿಡಿಯೋ ಹೊರಗೆ ಬಂದು, ಅವರು ಹಿಂದೆ ಸರಿದರು. ಒಂದು ವರ್ಷ ನಿಷೇಧವಾಯಿತು. ಅವರೇ 2014ರಲ್ಲಿ ವಲೆಗ್ರೋ ಮೇಲೆ ಸಂಗೀತದ ಸುತ್ತಿನಲ್ಲಿ 94.3 ಪಡೆದು ವಿಶ್ವ ದಾಖಲೆ ಮಾಡಿದವರು. ಆ ಸವಾರಿ ಎಷ್ಟು ಚೆನ್ನಾಗಿತ್ತು ಅಂತ ನಾನು ಈಗ ಯಾರಿಗೂ ಹೇಳಲು ಹೋಗುವುದಿಲ್ಲ. ಬಾಯಿ, ಬಾಲ, ಕಿವಿ ನೋಡಿ ಅಂತ ಮೇಲೆ ಹೇಳಿದ್ದು ಬರೀ ಮಾರ್ಕ್ಸ್‌ಗೋಸ್ಕರ ಅಲ್ಲ.

ಎದುರಿಗೆ ನೋಡಲು ಹೋದರೆ

ಯುರೋಪಿನಲ್ಲಿರುವ ಕನ್ನಡದವರು ಒಂದು ಸಲ ಆಖೆನ್‌ನ ಕುದುರೆ ಸ್ಪರ್ಧೆಗೆ ಹೋಗಿ. ಟಿಕೆಟ್ ದುಬಾರಿ ಅನ್ನಿಸಿದರೆ ಯಾವುದಾದರೂ ಹಳ್ಳಿಯ ಸಂಘದ ಭಾನುವಾರದ ಸ್ಪರ್ಧೆ ಸಾಕು, ಬಹಳ ಕಡೆ ದುಡ್ಡೇ ತಗೊಳ್ಳೋದಿಲ್ಲ. ಒಂದು ಗಂಟೆ ಮುಂಚೆ ಹೋಗಿ ಮೈ ಬಿಸಿ ಮಾಡುವ ಅಂಗಳದ ಹತ್ತಿರ ನಿಲ್ಲಿ. ಅಲ್ಲಿ ಮಾರ್ಕ್ಸ್ ಹಾಕುವವರು ಇರುವುದಿಲ್ಲ, ಸವಾರರು ಹೇಗಿರುತ್ತಾರೋ ಹಾಗೇ ಇರುತ್ತಾರೆ. ಛತ್ರಿ ಬಿಚ್ಚಬೇಡಿ, ಕುದುರೆ ಹೆದರುತ್ತದೆ. ರೇನ್‌ಕೋಟ್ ಹಾಕಿಕೊಳ್ಳಿ. ಕೊನೆಯ ನಮಸ್ಕಾರ ಆಗುವ ತನಕ ಚಪ್ಪಾಳೆ ಬೇಡ.

ಮತ್ತೆ, ಏನನ್ನೂ ತಿನ್ನಿಸಬೇಡಿ. ನಮ್ಮ ಕಡೆ ಕುದುರೆಗೆ ಹುರುಳಿ ಬೇಯಿಸಿ ಇಡುತ್ತಿದ್ದರು ಅಂತ ಇಲ್ಲಿ ಕತೆ ಹೇಳಿ ಹೇಳಿ, ಒಂದು ದಿನ ಮಗಳ ಪರೀಕ್ಷೆಗೆ ಐದು ನಿಮಿಷ ಇರುವಾಗ ಅವಳ ಪೋನಿಗೆ ಒಂದು ಚೂರು ಬೆಲ್ಲ ಕೊಟ್ಟೆ. ಊರಿಂದ ಅಮ್ಮ ಕಳಿಸಿದ್ದ ಮಂಡ್ಯದ ಅಚ್ಚು ಬೆಲ್ಲ. ಅದು ಜನ್ಮದಲ್ಲಿ ಅಂಥದ್ದು ತಿಂದಿರಲಿಲ್ಲ. ಒಳಗೆ ಹೋದ ಮೇಲೆ ಪ್ರತಿ ಸುತ್ತಿನಲ್ಲೂ ಎಫ್ ಬಂದ ಕೂಡಲೇ ಕತ್ತು ಹೊರಗೆ ಚಾಚಿ, ಬೇಲಿ ಪಕ್ಕ ನಿಂತ ನನ್ನ ಜೇಬಿನ ಕಡೆ ನೋಡಿ ಕೆನೆಯಿತು. ಮೂರನೇ ಸುತ್ತಿಗೆ ನಿಂತೇಬಿಟ್ಟಿತು. ಮಗಳಿಗೆ 5.2 ಬಂತು. ಜಡ್ಜ್ ಹಾಳೆಯಲ್ಲಿ "ಎಫ್ ಹತ್ತಿರ ಗಮನ ಬೇರೆ ಕಡೆ, ಕಾರಣ ತಿಳಿಯಲಿಲ್ಲ" ಅಂತ ಇತ್ತು. ಪುಣ್ಯಕ್ಕೆ ಆವತ್ತು ಬರೆಯುವ ಕೆಲಸ ನನ್ನದಾಗಿರಲಿಲ್ಲ.